ಫ್ರೇಮ್ ಬಿಚ್ಚದೆ ಡಾಲಿಗೆ ಬೆಲೆ ಕಟ್ಟುವವರೇ

ಸಿಟ್ಟು ತಡೆಯೋಕೆ ಆಗ್ತಿಲ್ಲ, ಅದಕ್ಕೇ ಬರೀತಿದ್ದೇನೆ. ಇಷ್ಟು ದೊಡ್ಡ ಮುಂಬೈಯಲ್ಲಿ ಒಂದು ಪ್ರಿಂಟನ್ನು ಫ್ರೇಮಿನಿಂದ ಹೊರಗೆ ತೆಗೆದು, ಕಾಗದ ನೋಡಿ, ಆಮೇಲೆ ಬೆಲೆ ಹೇಳುವ ಒಬ್ಬ ಮನುಷ್ಯ ಸಿಗೋದಿಲ್ವಾ ಮಾರಾಯ್ರೇ?

ಮಾಟುಂಗಾದಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಸ್ಪೇನಿನ ಹೆಸರಾಂತ ಚಿತ್ರಕಾರ ಸಾಲ್ವದೋರ್ ಡಾಲಿಯ ಒಂದು ಪ್ರಿಂಟ್, ಅಂದರೆ ಅಚ್ಚು ಹಾಕಿ ತೆಗೆದ ಚಿತ್ರ, ಇದೆ. ಮಾವ ಫೋರ್ಟ್ ಏರಿಯಾದಲ್ಲಿ ವಿದೇಶಿ ಹಡಗು ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಸಾಹೇಬರು ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೋಗುವಾಗ ಕೊಟ್ಟುಹೋದದ್ದು. ಕೆಳಗೆ ಎಡಗಡೆ ಪೆನ್ಸಿಲ್‌ನಲ್ಲಿ 87/250 (250 ಪ್ರತಿಗಳಲ್ಲಿ 87ನೆಯದು ಅಂತ), ಬಲಗಡೆ ಸಹಿ. ಈಗ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗ್ತಿದೆ, ಅತ್ತೆ ಡೊಂಬಿವಲಿಗೆ ಬಾಡಿಗೆ ಮನೆಗೆ ಹೋಗಬೇಕು, ಅದಕ್ಕೂ ಮುಂಚೆ ಯಾವ ಸಾಮಾನು ಯಾವ ಮಗುವಿಗೆ ಅಂತ ಹೇಳಿಬಿಡಬೇಕು ಅನ್ನೋದು ಅವರ ಆಸೆ. ಅದಕ್ಕೆ ಬೆಲೆ ಗೊತ್ತಾಗಬೇಕಿತ್ತು. ಇಷ್ಟೇ. ಮಾರ್ತೇವೆ ಅಂತ ಅವರು ಯಾರಿಗೂ ಹೇಳಿರಲಿಲ್ಲ.

ಮೊದಲು ಬಂದ ವ್ಯಾಲ್ಯುವರ್ ಗೋಡೆ ಮೇಲಿದ್ದ ಪ್ರಿಂಟನ್ನು ಕೆಳಗಿಳಿಸಲೂ ಇಲ್ಲ. ಗಾಜಿನ ಮೇಲೆ, ಸರಿಯಾಗಿ ಸಹಿಯ ಮೇಲೆ ಹೆಬ್ಬೆರಳಿಟ್ಟು, ಮೊಬೈಲಿನಲ್ಲಿ ಎರಡು ಫೋಟೊ ಹೊಡೆದು, ಟೀ ಕುಡಿದು ಹೋದ. ಆಮೇಲೆ ಬಂತು ಸರ್ಟಿಫಿಕೇಟ್. ಲ್ಯಾಮಿನೇಟ್ ಮಾಡಿ, ಬಂಗಾರದ ಬಣ್ಣದ ಸೀಲ್ ಅಂಟಿಸಿದ್ದು. "ಅಸಲಿ ಸಹಿ, ಲಿಥೊಗ್ರಾಫ್, 6 ಲಕ್ಷ." ಫೀಸು ಎಷ್ಟು ಗೊತ್ತಾ? ಬೆಲೆಯ ಶೇಕಡಾ 2. ಅಂದರೆ ಅವನು ಬೆಲೆ ಜಾಸ್ತಿ ಬರೆದಷ್ಟೂ ಅವನಿಗೇ ಜಾಸ್ತಿ ದುಡ್ಡು! ಪೆನ್ಷನ್ ದುಡ್ಡಿನಲ್ಲಿ ಅತ್ತೆ 12,000 ರೂಪಾಯಿ ಎಣಿಸಿ ಕೊಟ್ಟರು.

ಲಿಥೊಗ್ರಾಫ್ ಅಂತೆ. ಸಂಜೆ ನಾನು ಟಾರ್ಚ್ ಅಡ್ಡಲಾಗಿ ಹಿಡಿದು ನೋಡಿದರೆ ಚಿತ್ರದ ಸುತ್ತ, ನಾಲ್ಕೂ ಕಡೆ, ಕಾಗದ ಒಳಗೆ ಒತ್ತಿಹೋದ ಗೆರೆ ಇದೆ, ಮೂಲೆಗಳು ಸ್ವಲ್ಪ ಗುಂಡಗೆ. ಲೋಹದ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿದಾಗ ಬೀಳುವ ಗುರುತು ಅದು, ಅಂಥ ತಗಡಿನಿಂದ ತೆಗೆಯುವ ಎಚಿಂಗ್‌ಗೆ ಬೀಳುತ್ತೆ. ಲಿಥೊಗ್ರಾಫ್ ಅನ್ನೋದು ಚಪ್ಪಟೆ ಕಲ್ಲಿನಿಂದ ಬರೋದು, ಅದಕ್ಕೆ ಈ ಗೆರೆ ಎಲ್ಲಿಂದ ಬರಬೇಕು? ಆ ಗೆರೆಯನ್ನೂ ನಕಲಿ ಮಾಡುವವರಿದ್ದಾರೆ, ಅದೊಂದರಿಂದಲೇ ಅಸಲಿ ಅನ್ನೋಕಾಗಲ್ಲ, ಒಪ್ಪಿದೆ. ಆದರೆ ಗಾಜಿನ ಹೊರಗಿಂದಲೇ ಕಾಣುವ ಗೆರೆ ದುಡ್ಡು ತಗೊಂಡವನ ಕಣ್ಣಿಗೆ ಬೀಳಲಿಲ್ಲ ಅಂದರೆ ಅವನು ನೋಡಿದ್ದಾದರೂ ಏನು?

ಸಹಿ ನೋಡಿದನಂತೆ. ಅಯ್ಯಾ, ಡಾಲಿಯ ವಿಷಯದಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದೇ ಸಹಿ! ಆತ ಖಾಲಿ ಹಾಳೆಗಳ ಮೇಲೆ ರಾಶಿ ರಾಶಿ ಸಹಿ ಹಾಕಿಕೊಟ್ಟಿದ್ದ. 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಒಂದು ಲಾರಿ ತಡೆದು ನೋಡಿದಾಗ ಒಳಗಿದ್ದದ್ದು ಡಾಲಿ ಸಹಿ ಇದ್ದ 40,000 ಖಾಲಿ ಹಾಳೆ. ಅಂಥ ಹಾಳೆಯ ಮೇಲೆ ಯಾರು ಏನು ಬೇಕಾದರೂ ಅಚ್ಚು ಹಾಕಬಹುದಿತ್ತು. ಸಹಿ ಅಸಲಿಯಾಗಿದ್ದು ಚಿತ್ರ ನಕಲಿಯಾಗಿರಬಹುದು. ಸಹಿಯೇ ನಕಲಿಯಾಗಿರಬಹುದು. ಅದಕ್ಕೇ ಅಲ್ವಾ ಕಾಗದ ನೋಡಬೇಕು ಅನ್ನೋದು? ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕ್ ಕಾಣುತ್ತೆ. ಆರ್ಶ್ ಅನ್ನೋ ಫ್ರೆಂಚ್ ಕಂಪನಿಯ ಕಾಗದವಾದರೆ, ಹೆಸರಿನ ಪಕ್ಕ ಅಡ್ಡ ಮಲಗಿಸಿದ ಎಂಟರಂಥ ಗುರುತು ಇದೆಯಾ ನೋಡಬೇಕು. ಇದ್ದರೆ ಆ ಕಾಗದ 1980ರ ನಂತರದ್ದು, ಅಷ್ಟು ಹೊತ್ತಿಗೆ ಡಾಲಿಯ ಆರೋಗ್ಯ ಕೆಟ್ಟಿತ್ತು, ಕೈ ನಡುಗುತ್ತಿತ್ತು, ಹಾಗಾಗಿ ಅದರ ಮೇಲಿನ ಸಹಿ ಅನುಮಾನ. ಭೂತಗನ್ನಡಿ ಇಟ್ಟು ನೋಡಿದರೆ ಮ್ಯಾಗಜೀನಿನ ಫೋಟೊದ ಹಾಗೆ ಸಣ್ಣ ಸಣ್ಣ ಬಣ್ಣದ ಚುಕ್ಕೆ ಸಾಲಾಗಿ ಕಂಡರೆ ಅದು ಆಫ್‌ಸೆಟ್, ಅಂದರೆ ಫೋಟೊದಿಂದ ಮೆಷಿನ್ನಿನಲ್ಲಿ ಅಚ್ಚು ಹಾಕಿದ ನಕಲು. ಆಲ್ಬರ್ಟ್ ಫೀಲ್ಡ್ ಅಂತ ಒಬ್ಬರು ಡಾಲಿಯ ಪ್ರಿಂಟುಗಳ ಪಟ್ಟಿ ಮಾಡಿ 1996ರಲ್ಲಿ ಪ್ರಕಟಿಸಿದ್ದಾರೆ. ಅಂಥ ಪಟ್ಟಿಯ ಜೊತೆ ಅಳತೆ, ಕಾಗದ, ಎಡಿಷನ್ ನಂಬರ್ ತಾಳೆ ಹಾಕಬೇಕು. ಒಂದೇ ಚಿತ್ರಕ್ಕೆ ಒಂದು ಕಾಗದದ ಮೇಲೆ ಮಾಮೂಲಿ ಅಂಕಿ, ಇನ್ನೊಂದರ ಮೇಲೆ ರೋಮನ್ ಅಂಕಿ, ಅದಲ್ಲದೆ ಕಲಾವಿದನ ಪ್ರತಿ ಅಂತ ಬೇರೆ ಇರುತ್ತೆ, ಎಲ್ಲ ಸೇರಿದರೆ 250ಕ್ಕಿಂತ ಜಾಸ್ತಿ ಆಗಬಹುದು. ಸುಮ್ನೆ 87/250 ಅಂತ ಓದಿ "ಬರೀ 250 ಇದೆ, ಅಪರೂಪ" ಅಂದರೆ ಏನರ್ಥ?

ಎರಡನೆಯವನು ಇವನಿಗಿಂತ ಜೋರು. ಹಳೆ ಚಿತ್ರಗಳ ವ್ಯಾಪಾರಿ, ಸಣ್ಣ ಗ್ಯಾಲರಿಯೂ ಇದೆ. ಇವನೂ ಫ್ರೇಮ್ ಬಿಚ್ಚಲಿಲ್ಲ, ಹಿಂದೆ ಅಂಟಿಸಿದ್ದ ಬ್ರೌನ್ ಪೇಪರನ್ನು ಬೀಗದ ಕೈಯಿಂದ ಗೀರಿ ಹರಿದು, ಇಣುಕಿ, "ಮುಂಬೈಯ ಮನೆಗಳಿಗೆ ಅಸಲಿ ಡಾಲಿ ಎಲ್ಲಿಂದ ಬರಬೇಕು ಆಂಟೀ, ಇದು ಪೋಸ್ಟರ್" ಅಂದ. ಅದೇ ಉಸಿರಿನಲ್ಲಿ, "15,000 ಕೊಡ್ತೇನೆ, ಈಗಲೇ ಟ್ಯಾಕ್ಸಿಯಲ್ಲಿ ತಗೊಂಡು ಹೋಗ್ತೇನೆ." ಪೋಸ್ಟರ್ ಆದರೆ 15,000 ಯಾಕಪ್ಪಾ? ಬೆಲೆ ಹೇಳುವವನೇ ಕೊಳ್ಳುವವನೂ ಆದರೆ ಅವನ ಬಾಯಿಂದ ನ್ಯಾಯದ ಬೆಲೆ ಹೊರಡುತ್ತಾ?

ಮುಂಬೈಗೆ ಡಾಲಿ ಎಲ್ಲಿಂದ ಅಂತೆ! 1967ರಲ್ಲಿ ಇದೇ ಊರಿನಲ್ಲಿ ಹೆಡ್ ಆಫೀಸ್ ಇದ್ದ ಏರ್ ಇಂಡಿಯಾಕ್ಕೆ ಆತ ಆಶ್‌ಟ್ರೇ ಡಿಸೈನ್ ಮಾಡಿಕೊಟ್ಟಿದ್ದ. ದುಡ್ಡಿನ ಬದಲು ಆನೆ ಕೇಳಿದ, ಬೆಂಗಳೂರಿನಿಂದ ಮರಿಯಾನೆಯೊಂದನ್ನು ವಿಮಾನದಲ್ಲಿ ಕಳಿಸಿದರು. ಹಾಗಂತ ಅತ್ತೆಯ ಪ್ರಿಂಟ್ ಅಸಲಿ ಅಂತ ನಾನು ಹೇಳ್ತಿಲ್ಲ, ನಕಲಿ ಆಗಿದ್ದರೆ ನಕಲಿ ಅನ್ನಿ, ಅತ್ತೆ ಅಳೋದಿಲ್ಲ. ಆದರೆ ಯಾಕೆ ನಕಲಿ ಅಂತ ಕಾರಣ ಬರೆದು ಕೊಡಿ. ಊರಿನ ಹೆಸರು ಹೇಳಿ ತಳ್ಳಿಹಾಕಬೇಡಿ.

ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಈ ಊರಿನ ಮಳೆಗಾಲದ ತೇವದಲ್ಲಿ ಗಾಜಿಗೆ ಒತ್ತಿಕೊಂಡ ಕಾಗದ ಏನಾಗುತ್ತೆ ಅಂತ ಇವರಿಗೆ ಗೊತ್ತಿಲ್ಲದೆ ಏನಲ್ಲ. ಪ್ರಿಂಟಿನ ಮೇಲ್ಭಾಗದಲ್ಲಿ ಕಂದು ಚುಕ್ಕೆ ಬಂದಿದೆ, ಸುತ್ತಲಿನ ಅಗ್ಗದ ರಟ್ಟು ತಾಗಿದ ಕಡೆ ಹಳದಿ ಗೆರೆ ಎದ್ದಿದೆ. ಇದರಿಂದ ಬೆಲೆ ಇಳಿಯುತ್ತೆ, ತಡ ಮಾಡಿದರೆ ಇನ್ನೂ ಇಳಿಯುತ್ತೆ. ಇದರ ಬಗ್ಗೆ ಇಬ್ಬರೂ ಒಂದು ಮಾತು ಆಡಲಿಲ್ಲ. ಈಗ ಹಿಂದಿನ ಪೇಪರ್ ಬೇರೆ ಹರಿದಿದೆ, ಧೂಳು ಒಳಗೆ ಹೋಗ್ತಿದೆ, ಅತ್ತೆ ಅದಕ್ಕೆ ಹಳೆ ಸೀರೆ ಸುತ್ತಿ ಇಟ್ಟಿದ್ದಾರೆ. ಮಕ್ಕಳಲ್ಲಿ ಒಬ್ಬ 6 ಲಕ್ಷ ಅಂತ ನಂಬಿದ್ದಾನೆ, ಇನ್ನೊಬ್ಬಳು ಪೋಸ್ಟರ್ ಅಂತ. ಇಲ್ಲದ ಜಗಳ ಮನೆಯೊಳಗೆ ತಂದಿಟ್ಟು ಹೋದರು ಈ ಇಬ್ಬರು.

ಮೊದಲನೆಯವನಿಗೆ ಫೀಸು ವಾಪಸ್ ಕೊಡು ಅಂತ ಬರೆದೆ, ಎಚಿಂಗ್ ಗೆರೆಯ ಫೋಟೊ ಸಮೇತ. ಮೆಸೇಜ್ ಓದಿದ್ದಾನೆ, ಉತ್ತರ ಇಲ್ಲ. ಫೋನ್ ಎತ್ತೋದಿಲ್ಲ. ಬಿಡೋದಿಲ್ಲ ನಾನು, ಗ್ರಾಹಕರ ಆಯೋಗಕ್ಕೆ ಹೋಗೋದೇ.

ಮುಂಬೈ, ಪುಣೆ ಕಡೆಯವರು ಯಾರಾದರೂ ಇದ್ದರೆ ಹೇಳಿ: ನಮ್ಮೆದುರೇ ಫ್ರೇಮ್ ಬಿಚ್ಚಿ ಕಾಗದ ನೋಡುವವರು, ಫೀಸು ಮೊದಲೇ ಇಷ್ಟು ಅಂತ ಹೇಳುವವರು, ತಾವೇ ಕೊಳ್ಳೋಕೆ ಮುಂದಾಗದವರು ಗೊತ್ತಿದ್ದರೆ ನನಗೆ ತಿಳಿಸಿ. ಅತ್ತೆ ಮನೆ ಖಾಲಿ ಮಾಡುವ ಮುಂಚೆ ಆಗಬೇಕು.