ಸ್ಪಷ್ಟನೆ: ‘ಹ್ಯಾವಿಂಗ್’ ಬಂದ ಕಡೆಯೆಲ್ಲ ತಪ್ಪಲ್ಲ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅಂತ ಒಂದು ಮೆಸೇಜ್ ಉಡುಪಿ ಕಡೆಯ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ: ‘ಹ್ಯಾವ್, ಥಿಂಕ್, ಸ್ಮೆಲ್, ನೋ (know, ಗೊತ್ತಿರು), ಇವಕ್ಕೆ ಯಾವತ್ತೂ ಐಎನ್‌ಜಿ ಸೇರಿಸಬಾರದು.’ ಇದು ಅರ್ಧ ಮಾತ್ರ ಸರಿ.

ಇವನ್ನು ಸ್ಟೇಟಿವ್ ವರ್ಬ್, ಅಂದರೆ ಸ್ಥಿತಿ ಹೇಳುವ ಕ್ರಿಯಾಪದ ಅನ್ನುತ್ತಾರೆ, ನಿಜ. ಆದರೆ ನೋಡಬೇಕಾದ್ದು ಆ ವಾಕ್ಯದಲ್ಲಿ ಅದರ ಅರ್ಥವನ್ನು. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪು. ಅಣ್ಣತಮ್ಮ ಇರುವುದು ಸ್ಥಿತಿ. ‘ಐ ಆ್ಯಮ್ ಹ್ಯಾವಿಂಗ್ ಗೋಳಿಬಜೆ’ ಸರಿ, ತಿನ್ನುವುದು ಕೆಲಸ. ಮಲ್ಪೆಯಲ್ಲಿ ಮೀನು ಕೊಳ್ಳುವವರು ಬಂಗುಡೆಯ ಕಿವಿರು ಎತ್ತಿ ಮೂಸಿ ನೋಡುತ್ತಾರಲ್ವಾ, ಅದು ‘ಶೀ ಈಸ್ ಸ್ಮೆಲ್ಲಿಂಗ್ ದ ಫಿಶ್’. ಮೀನೇ ನಾತ ಹೊಡೆದರೆ ‘ದ ಫಿಶ್ ಸ್ಮೆಲ್ಸ್’. ಥಿಂಕ್‌ಗೂ ಇದೇ ಲೆಕ್ಕ: ಅಭಿಪ್ರಾಯವಾದರೆ ಐಎನ್‌ಜಿ ಬೇಡ, ಯೋಚನೆ ನಡೀತಾ ಇದ್ದರೆ ಹಾಕಬಹುದು. ‘ನೋ’ ಬಗ್ಗೆ ಮಾತ್ರ, ‘ಐ ಆ್ಯಮ್ ನೋಯಿಂಗ್’ ಅನ್ನಬಾರದು ಅನ್ನುವ ಮಟ್ಟಿಗೆ, ಮೆಸೇಜ್ ಹೇಳಿದ್ದು ಸರಿಯೇ.

ಕೊನೆಯಲ್ಲಿ ‘ಈಸ್, ಆರ್ ಯಾವಾಗಲೂ ಹೆಲ್ಪಿಂಗ್ ವರ್ಬ್’ ಅಂತಲೂ ಬರೆದಿದ್ದಾರೆ. ಅದೂ ತಪ್ಪು. ‘ಶೀ ಈಸ್ ಎ ನರ್ಸ್’ ಅನ್ನುವಲ್ಲಿ ಬೇರೆ ಕ್ರಿಯಾಪದವೇ ಇಲ್ಲ, ಮತ್ತೆ ಹೆಲ್ಪ್ ಯಾರಿಗೆ? ಅಲ್ಲಿ ‘ಈಸ್’ ಮುಖ್ಯ ಕ್ರಿಯಾಪದ.