ಡೈನಮೈಟ್ ಹಾಡಿನ ಆಯವ್ಯಯ

ದಕ್ಷಿಣ ಕೊರಿಯಾದ ಏಳು ಹುಡುಗರ ತಂಡ ಬಿಟಿಎಸ್ 2020ರ ಆಗಸ್ಟ್ 21ರಂದು ‘ಡೈನಮೈಟ್’ ಎಂಬ ಹಾಡನ್ನು ಬಿಡುಗಡೆ ಮಾಡಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ತುದಿಗೇರಿತು. ಕೊರಿಯಾದ ಯಾವ ತಂಡವೂ ಅಲ್ಲಿಯವರೆಗೆ ಆ ಜಾಗವನ್ನು ಕಂಡಿರಲಿಲ್ಲ. ಬೇರೆ ದೇಶವಾಗಿದ್ದರೆ ಒಂದಷ್ಟು ಪಟಾಕಿ ಹೊಡೆದು, ಹಾಡು ಹಾಕಿಕೊಂಡು ಕುಣಿದು, ಊಟ ಮಾಡಿ ಮಲಗುತ್ತಿತ್ತು. ಕೊರಿಯಾದ ಸಂಸ್ಕೃತಿ ಸಚಿವಾಲಯ ಕ್ಯಾಲ್ಕುಲೇಟರ್ ಹಿಡಿದು ಕುಳಿತಿತು.

ಸೆಪ್ಟೆಂಬರ್ ಮೊದಲ ವಾರದಲ್ಲೇ ಲೆಕ್ಕ ಸಿದ್ಧ. ಈ ಒಂದು ಹಾಡಿನ ಆರ್ಥಿಕ ಪರಿಣಾಮ 1.7 ಲಕ್ಷ ಕೋಟಿ ವೊನ್, ಅಂದರೆ ಸುಮಾರು 143 ಕೋಟಿ ಡಾಲರ್. ಇದರಿಂದ ಹುಟ್ಟುವ ಉದ್ಯೋಗಗಳು 7,928. ದಯವಿಟ್ಟು ಆ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಎಂಟು ಸಾವಿರ ಎಂದಿದ್ದರೆ ಯಾರೋ ಅಂದಾಜಿನಲ್ಲಿ ಹೇಳಿದ್ದಾರೆಂದು ಜನ ನಕ್ಕುಬಿಡುತ್ತಿದ್ದರು. ಕೊನೆಯಲ್ಲಿ ಚಿಲ್ಲರೆ ಇದ್ದರೆ ಎಂಥ ಊಹೆಗೂ ಲೆಕ್ಕಪತ್ರದ ಗಾಂಭೀರ್ಯ ಬಂದುಬಿಡುತ್ತದೆ. ಯಾರೋ ಬಾಗಿಲಲ್ಲಿ ನಿಂತು ತಲೆ ಎಣಿಸಿದ್ದಾರೆ, 7,929ನೆಯವನು ಬಂದಾಗ ‘ಹುದ್ದೆ ಭರ್ತಿಯಾಗಿದೆ’ ಎಂದು ವಾಪಸು ಕಳುಹಿಸಿದ್ದಾರೆ ಎನ್ನಿಸುತ್ತದೆ.

ಹಾಡಿನ ಅವಧಿ 3 ನಿಮಿಷ 19 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಹತ್ತಿರಹತ್ತಿರ ನಲವತ್ತು ಉದ್ಯೋಗ! ನಡುವೆ ‘ನಾ ನಾ ನಾ’ ಎಂದು ಎಳೆಯುವ ಭಾಗವೊಂದಿದೆ. ಬರೀ ಅಷ್ಟರಿಂದಲೇ ಒಂದು ಸಣ್ಣ ಕಾರ್ಖಾನೆಗೆ ಸಾಲುವಷ್ಟು ಜನರಿಗೆ ಕೆಲಸ ಸಿಕ್ಕಿರಬೇಕು. ಪಲ್ಲವಿಯನ್ನು ಇನ್ನೆರಡು ಸಲ ಹಾಡಿಸಿದ್ದರೆ ನಿರುದ್ಯೋಗದ ಪಿಡುಗೇ ನಿವಾರಣೆಯಾಗುತ್ತಿತ್ತೇನೋ. ಯಾವ ಅರ್ಥಶಾಸ್ತ್ರಜ್ಞನಿಗೂ ಹೊಳೆಯಲಿಲ್ಲ. ಕೊರೊನಾದಿಂದ ಜಗತ್ತೆಲ್ಲ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದ ಕಾಲ ಅದು. ಸಂಗೀತ ಕಛೇರಿಗಳ ಬಾಗಿಲು ಮುಚ್ಚಿತ್ತು. ಪರವಾಗಿಲ್ಲ, ಈ ಲೆಕ್ಕದಲ್ಲಿ ಸೌಂದರ್ಯವರ್ಧಕ, ತಿಂಡಿ ತಿನಿಸು, ಬಟ್ಟೆಬರೆಗಳ ರಫ್ತೂ ಸೇರಿತ್ತು. ಹಾಡು ಕೇಳಿದವನು ಮುಖಕ್ಕೆ ಕ್ರೀಮು ಹಚ್ಚಿಯೇ ಹಚ್ಚುತ್ತಾನೆ ಎಂಬ ವಿಶ್ವಾಸ ಸರ್ಕಾರಕ್ಕಿತ್ತು.

ಅತ್ತ ಅಭಿಮಾನಿಗಳೂ ಸುಮ್ಮನಿರಲಿಲ್ಲ. ಅಮೆರಿಕದಲ್ಲಿ ಮೊದಲ ವಾರವೇ 2,65,000 ಡೌನ್‌ಲೋಡ್‌ಗಳು ಮಾರಾಟವಾದವು. ತಂಡವನ್ನು ನಡೆಸುವ ಕಂಪನಿಯೂ ಉದಾರಿ. ಮೂಲ ಹಾಡಿನ ಜೊತೆಗೆ ವಾದ್ಯ ಮಾತ್ರದ್ದು, ಗಿಟಾರಿನದ್ದು, ಎಲೆಕ್ಟ್ರಾನಿಕ್ ಕುಣಿತದ್ದು, ಈಜುಕೊಳದ ದಂಡೆಯಲ್ಲಿ ಕೇಳುವಂಥದ್ದು ಎಂದು ಒಂದೇ ಹಾಡಿಗೆ ನಾನಾ ಅವತಾರಗಳನ್ನು ಎತ್ತಿಸಿತು. ಎಲ್ಲವನ್ನೂ ಕೊಂಡವರು ಎಲ್ಲವನ್ನೂ ಕೇಳಿದರೇ ಎಂದು ಕೇಳುವುದು ಸಭ್ಯತೆಯಲ್ಲ.

ಇನ್ನೊಂದು ಸೊಗಸು ನೋಡಿ. 2018ರಲ್ಲಿ ಕೊರಿಯಾ ಸರ್ಕಾರ ಈ ಏಳು ಮಂದಿಗೆ ‘ಹ್ವಾಗ್ವಾನ್’ ಎಂಬ ಸಾಂಸ್ಕೃತಿಕ ಪದಕವನ್ನು ಕೊಟ್ಟಿತ್ತು. ವಿದೇಶದ ಹುಡುಗ ಹುಡುಗಿಯರು ಕೊರಿಯನ್ ಸಾಲುಗಳನ್ನು ಒಕ್ಕೊರಲಿನಿಂದ ಹಾಡುವಂತೆ ಮಾಡಿ ತಾಯ್ನುಡಿಯನ್ನು ಹಬ್ಬಿಸಿದ್ದಾರೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ‘ಡೈನಮೈಟ್’ ಪೂರ್ತಿ ಇಂಗ್ಲಿಷಿನಲ್ಲಿದೆ. ಬರೆದವರಿಬ್ಬರೂ ಬ್ರಿಟನ್ನಿನವರು. ಸಚಿವಾಲಯದ ಹೆಮ್ಮೆ ಎಳ್ಳಷ್ಟೂ ಕುಗ್ಗಲಿಲ್ಲ.

ಇಷ್ಟೆಲ್ಲ ಕೊಟ್ಟ ಹುಡುಗರಿಗೆ ದೇಶ ಏನು ಕೊಡಬೇಕು? ಕೊರಿಯಾದಲ್ಲಿ ದೇಹದಾರ್ಢ್ಯವಿರುವ ಗಂಡು ಸುಮಾರು ಒಂದೂವರೆ ವರ್ಷ ಸೇನೆಯಲ್ಲಿ ದುಡಿಯಲೇಬೇಕು. ವಿನಾಯಿತಿಗೆ 1970ರ ದಶಕದಿಂದಲೂ ಒಂದು ಪಟ್ಟಿ ಇದೆ. ಒಲಿಂಪಿಕ್ಸ್‌ನಲ್ಲಿ ಯಾವುದಾದರೂ ಪದಕ, ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಅಥವಾ ಅಂಗೀಕೃತ ಅಂತರರಾಷ್ಟ್ರೀಯ ಕಲಾ ಸ್ಪರ್ಧೆಯಲ್ಲಿ ಮೊದಲ ಎರಡು ಸ್ಥಾನ ಗಳಿಸಿದವರು ಕೆಲವು ವಾರ ತರಬೇತಿ ಪಡೆದು ತಮ್ಮ ಕಸುಬಿಗೆ ಮರಳಬಹುದು. ಬ್ಯಾಲೆಯಲ್ಲಿ ಎರಡನೆಯವನಾಗಿ ಬಂದವನ ಕಾಲು ಕಂದಕಕ್ಕೆ ಇಳಿಯಬೇಕಾಗಿಲ್ಲ. ಬಿಲ್‌ಬೋರ್ಡಿನಲ್ಲಿ ಮೊದಲನೆಯವನಾಗಿ ಬಂದವನು ಇಳಿಯಬೇಕು, ಏಕೆಂದರೆ ಅವನದು ಜನ ಕೇಳುವ ಸಂಗೀತ. ನನ್ನ ತಕರಾರು ಸೇನೆಯ ಬಗ್ಗೆ ಅಲ್ಲ. ಎಲ್ಲರ ಮಕ್ಕಳೂ ಹೋಗುವಾಗ ಇವರೂ ಹೋಗಲಿ ಎಂಬ ನೆರೆಮನೆಯ ತಾಯಿಯ ಮಾತು ನ್ಯಾಯವೇ. ಹಾಗೆಂದು ನೇರವಾಗಿ ಹೇಳುವ ಎದೆಗಾರಿಕೆ ಯಾವ ಮಂತ್ರಿಗೂ ಇರಲಿಲ್ಲ.

2020ರ ಡಿಸೆಂಬರ್ 1ರಂದು ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು: ದೇಶದ ಕೀರ್ತಿ ಹೆಚ್ಚಿಸಿದ ಜನಪ್ರಿಯ ಕಲಾವಿದರು ಮೂವತ್ತು ತುಂಬುವವರೆಗೆ ಸೇನೆಗೆ ಸೇರುವುದನ್ನು ಮುಂದೂಡಬಹುದು. ತಂಡದ ಹಿರಿಯ ಜಿನ್‌ಗೆ ಇಪ್ಪತ್ತೆಂಟು ತುಂಬುವುದಕ್ಕೆ ಆಗ ಮೂರೇ ದಿನ ಉಳಿದಿತ್ತು. ಕಾನೂನುಗಳು ಇಷ್ಟು ಸಮಯಪ್ರಜ್ಞೆಯಿಂದ ಹುಟ್ಟುವುದು ಅಪರೂಪ. 2021ರಲ್ಲಿ ಏಳೂ ಮಂದಿ ಅಧ್ಯಕ್ಷರ ವಿಶೇಷ ದೂತರಾದರು. ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ವಿಶ್ವಸಂಸ್ಥೆಗೆ ಹೋಗಿ ಬಂದರು.

2022ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ಲೀ ಜೊಂಗ್-ಸುಪ್ ಅವರಿಗೆ ಜ್ಞಾನೋದಯವಾಯಿತು. ವಿನಾಯಿತಿ ಬೇಕೋ ಬೇಡವೋ ಎಂದು ಜನರನ್ನೇ ಕೇಳಿ ಸಮೀಕ್ಷೆ ಮಾಡಿದರಾಯಿತಲ್ಲ! ಗಡಿಯಾಚೆ ಉತ್ತರ ಕೊರಿಯಾ ಕ್ಷಿಪಣಿ ಹಾರಿಸುತ್ತಿರುವಾಗ ರಕ್ಷಣಾ ಇಲಾಖೆ ಏಳು ಗಾಯಕರ ಬಗ್ಗೆ ಪ್ರಶ್ನಾವಳಿ ತಯಾರಿಸುವ ಯೋಚನೆಯಲ್ಲಿತ್ತು. ಗದ್ದಲವಾದ ಮೇಲೆ, ಸಮೀಕ್ಷೆ ಮಾಡಿದರೂ ಅದೊಂದರ ಮೇಲೆಯೇ ತೀರ್ಮಾನವಿಲ್ಲ ಎಂಬ ಸ್ಪಷ್ಟೀಕರಣ ಹೊರಬಿತ್ತು.

ಕೊನೆಗೆ ಗೊಂದಲವನ್ನು ಬಗೆಹರಿಸಿದವರು ಹುಡುಗರೇ. 2030ರ ವಿಶ್ವ ಎಕ್ಸ್‌ಪೋ ಎಂಬ ಜಾಗತಿಕ ವಸ್ತುಪ್ರದರ್ಶನ ಕೊರಿಯಾದ ಬೂಸಾನ್ ನಗರಕ್ಕೆ ಸಿಗಲೆಂದು ಅವರನ್ನು ಪ್ರಚಾರ ರಾಯಭಾರಿಗಳನ್ನಾಗಿ ಮಾಡಲಾಗಿತ್ತು. 2022ರ ಅಕ್ಟೋಬರ್ 15ರಂದು ಬೂಸಾನ್‌ನಲ್ಲಿ ಉಚಿತವಾಗಿ ಹಾಡಿದರು. ಎರಡು ದಿನ ಬಿಟ್ಟು, ನಾವು ಸೇನೆಗೆ ಹೋಗುತ್ತೇವೆ ಎಂದು ಕಂಪನಿಯ ಮೂಲಕ ತಿಳಿಸಿದರು. ಡಿಸೆಂಬರ್‌ನಲ್ಲಿ ಜಿನ್ ಹೋದರು, ಉಳಿದವರು ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಶುಗಾ ಒಬ್ಬರಿಗೆ ಮಾತ್ರ ಬಂದೂಕಿನ ಬದಲು ಸಾರ್ವಜನಿಕ ಸೇವೆಯ ಕೆಲಸ. ಹಾಡಿನಿಂದ ಹುಟ್ಟಿದ ಉಳಿದ ನೌಕರಿಗಳ ವಿಳಾಸ ತಿಳಿಯದಿದ್ದರೂ ಸರ್ಕಾರ ಕೈಯಾರೆ ಕೊಟ್ಟ ಈ ಏಳು ಮಾತ್ರ ಖಚಿತ.

ಜನಾಭಿಪ್ರಾಯ ಕೇಳುವ ಸರ್ಕಾರದ ಆಸೆಯೂ ಹೇಗೋ ಈಡೇರಿತು. ಎಕ್ಸ್‌ಪೋ ಯಾರಿಗೆಂದು 2023ರ ನವೆಂಬರ್ 28ರಂದು ಪ್ಯಾರಿಸ್‌ನಲ್ಲಿ ಮತದಾನ ನಡೆಯಿತು. ರಿಯಾದ್‌ಗೆ 119, ಬೂಸಾನ್‌ಗೆ 29.