ಚಿಂಬೊತೆಯ ಮಿಷನ್, ಮಂಗಳೂರಿನ ಮಿಷನ್

ಮಂಗಳೂರಿನವರಿಗೆ ಮಿಷನ್ ಎಂದರೆ ಶಾಲೆ, ಇಗರ್ಜಿಯ ಜೊತೆಗೆ ಹೆಂಚಿನ ಕಾರ್ಖಾನೆಯೂ ಕಣ್ಣಮುಂದೆ ಬರುತ್ತದೆ. 1834ರಲ್ಲಿ ಬಂದ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮತಾಂತರವಾಗಿ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಅಲ್ಲಿ ಕೂಲಿ ಸಿಕ್ಕಿತು. ನಾನೀಗ ನೆಲೆಸಿರುವ ಪೆರುವಿನ ಚಿಂಬೊತೆಯದು ಇದಕ್ಕೆ ತಿರುವುಮುರುವು. ಇಲ್ಲಿ ಉದ್ದಿಮೆ ಮೊದಲು ಬಂತು, ಅದನ್ನು ಹುಡುಕಿಕೊಂಡು ಜನ ಬಂದರು, ಜನರ ಬೆನ್ನಿಗೆ ಚರ್ಚ್ ಬಂತು.

1940ರಲ್ಲಿ ಇಲ್ಲಿದ್ದವರು ಸುಮಾರು 4 ಸಾವಿರ ಮಂದಿ. ಸಾಂತಾ ನದಿಯ ಜಲವಿದ್ಯುತ್ತು, ಉಕ್ಕಿನ ಕಾರ್ಖಾನೆ, ಆಂಚೊವೆತಾ ಮೀನನ್ನು ಒಣಗಿಸಿ ಹುಡಿ ಮಾಡುವ ಘಟಕಗಳು ಸೇರಿ, 1972ರ ಹೊತ್ತಿಗೆ ಊರು ಒಂದೂವರೆ ಲಕ್ಷ ದಾಟಿತ್ತು. ಬೆಟ್ಟದಿಂದ ಇಳಿದು ಬಂದವರು ಮರಳಿನ ಮೇಲೆ ನಾಲ್ಕು ಗಳ ನೆಟ್ಟು ಜೊಂಡಿನ ಚಾಪೆ ಕಟ್ಟಿಕೊಂಡರು. ಮಳೆಯೇ ಅಪರೂಪವಾದ ಕರಾವಳಿಯಲ್ಲಿ ಅಷ್ಟು ಸಾಕು. ನೀರು ಮಾತ್ರ ಲಾರಿಯಲ್ಲಿ ಬರಬೇಕು, 200 ಲೀಟರಿನ ಡ್ರಮ್ಮಿನಲ್ಲಿ ತುಂಬಿಡಬೇಕು. 1970ರ ಮೇ 31ರ ಭೂಕಂಪ ಊರಿನ ಬಹುಭಾಗವನ್ನು ನೆಲಸಮ ಮಾಡಿತು. ಅದರ ಬೆನ್ನಲ್ಲೇ 1972-73ರ ಎಲ್ ನಿನ್ಯೊ ಸಮುದ್ರವನ್ನು ಬಿಸಿ ಮಾಡಿ ಮೀನನ್ನೇ ಇಲ್ಲವಾಗಿಸಿತು.

ಇಂಥ ಊರಿಗೆ ಹೊರಗಿನಿಂದ ಬಂದ ಪಾದ್ರಿಗಳಲ್ಲಿ ಹಲವರು ಇಂತಿಷ್ಟು ವರ್ಷ ಎಂಬ ನಿಗದಿತ ಅವಧಿಗೆ ಬಂದವರು. ಲ್ಯಾಟಿನ್ ಅಮೆರಿಕಕ್ಕೆ ಪಾದ್ರಿಗಳನ್ನು ಕಳಿಸಲು ಅಮೆರಿಕದ ಬೋಸ್ಟನ್ನಿನ ಕಾರ್ಡಿನಲ್ ಕಶಿಂಗ್ 1958ರಲ್ಲಿ ಕಟ್ಟಿದ ಸೇಂಟ್ ಜೇಮ್ಸ್ ಸೊಸೈಟಿಯಲ್ಲಿ ಆ ಅವಧಿ 5 ವರ್ಷ. ಮೊದಲ ತಿಂಗಳುಗಳು ಸ್ಪ್ಯಾನಿಷ್ ಕಲಿಯುವುದಕ್ಕೇ ಹೋಗುತ್ತವೆ. ಯಾವ ಓಣಿಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ನನ್ನ ಮಟ್ಟಿಗೆ ಇದು ಸಾಲದು. 1960ರ ದಶಕದಲ್ಲಿ ಪಿಟ್ಸ್‌ಬರ್ಗ್ ಧರ್ಮಪ್ರಾಂತ್ಯದ ನೆರವಿನಿಂದ ಶುರುವಾದ ಮಾತೆರ್ನಿದಾದ್ ದೆ ಮರಿಯಾ ಹೆರಿಗೆ ಆಸ್ಪತ್ರೆ ಜನರ ನಂಬಿಕೆ ಗಳಿಸಿದ್ದು ಅಲ್ಲಿನ ಸನ್ಯಾಸಿನಿಯರು ದಶಕಗಟ್ಟಲೆ ಊರಲ್ಲೇ ಉಳಿದುದರಿಂದ.

ಆ ನಂಬಿಕೆಯ ಬೆಲೆ ಗೊತ್ತಾಗುವುದು ರೋಗ ಬಂದಾಗ. 1991ರ ಜನವರಿಯಲ್ಲಿ ಕಾಲರಾ ಮೊದಲು ಕಾಣಿಸಿಕೊಂಡ ಬಂದರುಗಳಲ್ಲಿ ಚಿಂಬೊತೆಯೂ ಒಂದು. ನೀರು ಕುದಿಸಿ ಎನ್ನುವುದು ಸುಲಭ, ಸೀಮೆಎಣ್ಣೆಗೆ ಕಾಸಿಲ್ಲದ ಮನೆಯಲ್ಲಿ ಅದು ನಡೆಯದು. ಆಗ ಉಳಿಯುವ ದಾರಿ ಕ್ಲೋರಿನ್: ಶೇ. 5ರ ಬ್ಲೀಚ್ ಆದರೆ ತಿಳಿನೀರಿಗೆ ಲೀಟರಿಗೆ 2 ಹನಿ ಹಾಕಿ ಅರ್ಧ ಗಂಟೆ ಬಿಡಬೇಕು. ನೀರು ಕದಡಿದ್ದರೆ ಕೊಳೆಯೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ, ಆದ್ದರಿಂದ ಮೊದಲು ಬಟ್ಟೆಯಲ್ಲಿ ಸೋಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಬಾಯಿ ಮುಚ್ಚದ ಡ್ರಮ್ಮಿಗೆ ಯಾರಾದರೂ ಕೈ ಅದ್ದಿ ಚೊಂಬು ತುಂಬಿದರೆ ಎಲ್ಲ ವ್ಯರ್ಥ. ಭೇದಿ ಶುರುವಾದವರಿಗೆ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾದರೆ ಮಗುವಿಗೆ ಅದೇ ಅಪಾಯ. ಇದನ್ನು ಕರಪತ್ರ ಕಲಿಸಲಾರದು. ಪಕ್ಕದ ಮನೆಯ ಹೆಂಗಸು ಬಂದು, ಚಮಚವನ್ನು ಕೈಯಲ್ಲಿ ಹಿಡಿದು ತೋರಿಸಬೇಕು. ಮಿಷನ್ ದುಡ್ಡು ಹಾಕಬೇಕಾದದ್ದು ಅಂಥ ಹೆಂಗಸರ ತರಬೇತಿಗೆ.

ಪೆರುವಿನ ಓಣಿಗಳ ಸಾಮೂಹಿಕ ಅಡುಗೆಮನೆ ಕೊಮೆದೊರ್ ಪೊಪುಲಾರ್ ನನಗೆ ಹಿಡಿಸುವುದೂ ಇದೇ ಕಾರಣಕ್ಕೆ. ಹೆಂಗಸರು ಸರದಿಯಂತೆ ಅಡುಗೆ ಮಾಡುತ್ತಾರೆ, ಊಟಕ್ಕೆ ಸಣ್ಣ ದರ ಇರುತ್ತದೆ, ಕಾಯಿಲೆಯವರಿಗೆ ಪುಕ್ಕಟೆ. ಕೆಡುವುದು ಎರಡು ಕಡೆ: ಲೆಕ್ಕದ ಪುಸ್ತಕ ಒಬ್ಬರದೇ ಕೈಯಲ್ಲಿದ್ದಾಗ, ಮತ್ತು ವಿದೇಶದಿಂದ ದಾನವಾಗಿ ಬರುವ ಎಣ್ಣೆ, ಹಾಲಿನ ಪುಡಿಯನ್ನು ನಂಬಿ ದರ ತೀರಾ ಇಳಿಸಿದಾಗ. ಹಡಗು ಬರುವುದು ತಡವಾದರೆ ಒಲೆ ಆರುತ್ತದೆ. ಸಿದ್ಧಗಂಗೆಯ ದಾಸೋಹಕ್ಕೆ ಈ ಭಯವಿಲ್ಲ. ಅಲ್ಲಿಗೆ ರಾಗಿ, ಅಕ್ಕಿ, ತೆಂಗಿನಕಾಯಿ ತಂದು ಸುರಿಯುವವರು ಸುತ್ತಲಿನ ರೈತರೇ.

ಚರ್ಚು ಹಂಚುವ ಅನ್ನ ಜನರ ಕ್ರಾಂತಿಯನ್ನು ತಡೆಯುತ್ತದೆ ಎಂಬುದು ಪೆರುವಿನ ಮಾವೋವಾದಿ ಗುಂಪು ಸೆಂದೆರೊ ಲುಮಿನೊಸೊದ ಬಂಡುಕೋರರ ಆರೋಪವಾಗಿತ್ತು. 1991ರ ಆಗಸ್ಟ್ 9ರಂದು ಪರಿಯಕೊತೊದಲ್ಲಿ ಪೋಲೆಂಡಿನ ಇಬ್ಬರು ಫ್ರಾನ್ಸಿಸ್ಕನ್ ಪಾದ್ರಿಗಳನ್ನು, 25ರಂದು ಸಾಂತಾ ಕಣಿವೆಯಲ್ಲಿ ಇಟಲಿಯ ಪಾದ್ರಿ ಸಾಂದ್ರೊ ದೊರ್ದಿಯವರನ್ನು ಈ ಬಂಡುಕೋರರು ಕೊಂದರು. ಮೂವರೂ ಚಿಂಬೊತೆ ಧರ್ಮಪ್ರಾಂತ್ಯದಲ್ಲಿ ದುಡಿಯುತ್ತಿದ್ದವರು. ಆ ಕೊಲೆಗಳಿಗೆ ಯಾವ ಸಮರ್ಥನೆಯೂ ಇಲ್ಲ. ಹಸಿದವರಿಗೆ ಉಣಿಸಿದ್ದು ತಪ್ಪಲ್ಲ. ಆದರೆ ಅಕ್ಕಿ ಎಲ್ಲಿಂದ ಬರುತ್ತದೆ, ಕೀಲಿಕೈ ಯಾರ ಬಳಿ ಇದೆ ಎಂದು ಮಿಷನ್ ತನ್ನನ್ನು ತಾನೇ ಕೇಳಿಕೊಳ್ಳುತ್ತಿರಬೇಕು.

ಮಂಗಳೂರಿಗೆ ಈ ಪ್ರಶ್ನೆ ಎದುರಾದದ್ದು ಮೊದಲ ಮಹಾಯುದ್ಧದಲ್ಲಿ. ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹೊರಗಟ್ಟಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಕ್ರೈಸ್ತ ಸಭೆಗಳು ಉಳಿದುಕೊಂಡದ್ದು ಊರಿನ ಪಾಸ್ಟರುಗಳೂ ಉಪದೇಶಿಗಳೂ ಆಗಲೇ ತಯಾರಾಗಿದ್ದುದರಿಂದ. ಚಿಂಬೊತೆಯ ಕೆಲಸಗಳಿಗೆ ಅಂಥ ಪೆಟ್ಟು ಬೀಳುವವರೆಗೆ ಕಾಯಬೇಕಿಲ್ಲ. ಬ್ಯಾಂಕ್ ಖಾತೆಗೆ ಊರಿನವರಿಬ್ಬರ ಸಹಿ ಇರಲಿ, ವಿದೇಶದ ಪಾಲು ವರ್ಷವರ್ಷವೂ ನಿಗದಿಯಾದಷ್ಟು ಇಳಿಯಲಿ, ಹೊರಗಿನ ಹಣ ನಿಂತರೆ ಹೆರಿಗೆ ವಾರ್ಡಿನ ದಾದಿಯರ ಸಂಬಳ ಎಲ್ಲಿಂದ ಬರಬೇಕು ಎಂಬುದು ಈಗಲೇ ಆಯವ್ಯಯದಲ್ಲಿ ಬರೆದಿರಲಿ.